ಕೆರೆ ನೀರನ್ನು ಬಾಟಲಿಗೆ ಹಿಡಿಯುವುದು ಹೇಗೆ?

ಕೆರೆಯಲ್ಲಿ ಮೀನು ಸತ್ತು ತೇಲಿದ ಸುದ್ದಿ ಬಂದ ದಿನ ಎರಡು ಕೆಲಸ ತಪ್ಪದೆ ನಡೆಯುತ್ತವೆ. ಊರಿನ ಹುಡುಗರು ಕೂಲ್‌ಡ್ರಿಂಕ್ಸ್ ಬಾಟಲಿಗೆ ನೀರು ತುಂಬಿ, ಸ್ಕೂಟರಿನ ಡಿಕ್ಕಿಗೆ ಹಾಕಿಕೊಂಡು, ದಾರಿಯಲ್ಲಿ ಎರಡು ಕಡೆ ಟೀ ಕುಡಿದು, ಕಚೇರಿಗೆ ತಂದು ಮೇಜಿನ ಮೇಲೆ ಕುಕ್ಕುತ್ತಾರೆ. ಹೊಸದಾಗಿ ಸೇರಿದ ಪರಿಸರ ಅಧಿಕಾರಿ ಮೀಟಿಂಗು, ಊಟ ಎಲ್ಲ ಮುಗಿಸಿ, ಜೀಪು ಸಿಕ್ಕ ಮೇಲೆ, ಮಧ್ಯಾಹ್ನ ಎರಡೂವರೆಗೆ ಏರಿ ಮೇಲೆ ಇಳಿದು ತಾವೂ ಒಂದು ಬಾಟಲಿ ತುಂಬುತ್ತಾರೆ. ಆ ನೀರೂ ದಂಡ, ಈ ನೀರೂ ದಂಡ. ವಾರ ಕಳೆದು ವರದಿ ಬರುತ್ತದೆ, ನೀರು ಚೆನ್ನಾಗಿದೆ ಅಂತ. ಅಧಿಕಾರಿ ದುಡ್ಡು ತಿಂದಿದ್ದಾರೆ ಅನ್ನುತ್ತಾರೆ ಊರವರು. ಎಷ್ಟೋ ಸಲ ತಿಂದಿರುವುದಿಲ್ಲ, ಬಾಟಲಿ ಹಿಡಿಯಲು ಬಂದಿರುವುದಿಲ್ಲ ಅಷ್ಟೆ.

ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ ಹೆಸರಿಗೆ ನದಿಗಳು. ವರ್ಷದ ಹೆಚ್ಚಿನ ದಿನ ಮರಳಿನ ದಾರಿಯಂತೆ ಬಿದ್ದಿರುತ್ತವೆ. ಹಾಗಾಗಿ ಇಲ್ಲಿ ನದಿ ಕಾಯುವ ಅಧಿಕಾರಿಯೂ ಕೆರೆ ಏರಿಯ ಮೇಲೇ ಸವೆಯಬೇಕು. 2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಡಿ ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು ಬಿತ್ತು. ಅಲ್ಲಿಂದ ಕೋಡಿ ಹರಿದು ಕೆರೆಯಿಂದ ಕೆರೆಗೆ ಇಳಿಯಬೇಕು. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ ಎಂಬುದು ಮೊದಲ ಹಂತದ ಲೆಕ್ಕ. ಆ ವರ್ಷವೇ ನೊರೆ ಎದ್ದು ಗಲಾಟೆಯಾಯಿತು. ಅಲ್ಲಿಂದೀಚೆಗೆ ನೀರಿನ ವರದಿ ಅನ್ನುವುದು ನಮ್ಮ ಕಡೆ ಟೀ ಅಂಗಡಿಯ ಜಗಳದ ವಸ್ತು. ಜಗಳವಾಡಲಿ, ಬೇಡ ಅನ್ನುವುದಿಲ್ಲ. ಬಾಟಲಿ ಸರಿಯಾಗಿ ಹಿಡಿದು ಜಗಳವಾಡಲಿ.

ಹಿಂದಿನ ಸಂಜೆ

ಬಾಟಲಿ ತೊಳೆದು ಒಣಗಿಸಿ, ಐಸ್ ಪ್ಯಾಕ್ ಫ್ರೀಜರಿಗೆ ಹಾಕಿ, ಮೀಟರಿಗೆ ಸೆಲ್ ಹಾಕಿ. ಬಾಟಲಿ ನಿಲ್ಲಿಸಲು ಮಂಡಿಯ ಟೊಮೆಟೊ ಕ್ರೇಟಿಗಿಂತ ಒಳ್ಳೆಯದು ನಾನು ಕಂಡಿಲ್ಲ. ಲೇಬಲ್ಲಿಗೆ ಸ್ಕೆಚ್ ಪೆನ್ ಬೇಡ, ಪೆನ್ಸಿಲ್ಲಿನಲ್ಲಿ ಬರೆದು ಮೇಲೆ ಸೆಲ್ಲೋಟೇಪ್ ಅಂಟಿಸಿ. ಅಳಿಯುವುದಿಲ್ಲ ಎಂದು ಅಂಗಡಿಯವರು ಆಣೆ ಮಾಡಿ ಕೊಟ್ಟ ಮಾರ್ಕರ್ ಐಸ್ ಪೆಟ್ಟಿಗೆಯ ತೇವಕ್ಕೆ ಅಳಿಸಿಹೋಗಿ, ಏಳು ಬಾಟಲಿಯಲ್ಲಿ ಯಾವ ಕೆರೆ ಯಾವುದರಲ್ಲಿದೆ ಎಂದು ತಲೆ ಕೆರೆದುಕೊಂಡವನು ನಾನು.

ಇನ್ನು ಆನ್‌ಲೈನಿನಲ್ಲಿ ಸಿಗುವ ಟಿಡಿಎಸ್ ಪೆನ್ನು. ಅದನ್ನು ಕೆರೆಗೆ ಅದ್ದಿ, ಮೇಲೆ ಮೂಡಿದ ಅಂಕಿಯ ಫೋಟೊ ತೆಗೆದು ‘ವಿಷ’ ಎಂದು ಗ್ರೂಪಿಗೆ ಹಾಕುವವರು ಪ್ರತಿ ಊರಿನಲ್ಲೂ ಇದ್ದಾರೆ. ಅದು ತೋರಿಸುವುದು ನೀರಿನಲ್ಲಿ ಕರಗಿದ ಉಪ್ಪಿನಂಶದ ಅಂದಾಜು. ಮೀನಿಗೆ ಉಸಿರಿದೆಯೋ ಇಲ್ಲವೋ, ಮಲದ ರೋಗಾಣು ಇವೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಮನೆಯ ಫಿಲ್ಟರಿಗೆ ಇಟ್ಟುಕೊಳ್ಳಿ.

ಎಷ್ಟು ಹೊತ್ತಿಗೆ, ಎಲ್ಲಿ

ಬೆಳಗಾಗುವ ಮುಂಚೆ ಏರಿ ಮೇಲೆ ಇರಬೇಕು. ಇದರಲ್ಲಿ ರಾಜಿಯಿಲ್ಲ.

ಕಾರಣ ಪಾಚಿ. ಹಗಲು ಬಿಸಿಲಿಗೆ ಹಸಿರು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿಯೆಲ್ಲ ತಾನೇ ಅದನ್ನು ಎಳೆದುಕೊಳ್ಳುತ್ತದೆ. ಕೊಳಚೆ ಬೆರೆತು ಪಾಚಿ ಕಟ್ಟಿದ ಕೆರೆಯಲ್ಲಿ ಮಧ್ಯಾಹ್ನ ತುಂಬಿ ತುಳುಕುವ ಆಮ್ಲಜನಕ ಕೋಳಿ ಕೂಗುವ ಹೊತ್ತಿಗೆ ತಳ ಕಂಡಿರುತ್ತದೆ. ಮೀನು ಸಾಯುವುದೂ ಆಗಲೇ. ಮಾಲೂರು ಕಡೆಯ ಒಂದು ಕೆರೆಯಲ್ಲಿ ನಾನು ಮೊದಲ ಸಲ ಹೀಗೇ ಮೋಸಹೋದೆ. ಮಧ್ಯಾಹ್ನ ಹೋಗಿದ್ದೆ, ಲೀಟರಿಗೆ 11 ಮಿಲಿಗ್ರಾಂ ಬಂತು. ಮೀನು ಬದುಕಲು ಕನಿಷ್ಠ 4 ಇರಬೇಕು ಎನ್ನುವುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ. ಹನ್ನೊಂದು ಬಂದ ಮೇಲೆ ಇನ್ನೇನು, ನೀರು ಉತ್ತಮ ಎಂದು ಬರೆದುಬಿಟ್ಟೆ. ಆ 11 ನೋಡಿಯೇ ನನಗೆ ಅನುಮಾನ ಬರಬೇಕಿತ್ತು. ಕೋಲಾರದಷ್ಟು ಎತ್ತರದ ಊರಿನಲ್ಲಿ 25 ಡಿಗ್ರಿಯ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವುದೇ ಸುಮಾರು ಏಳೂವರೆ ಮಿಲಿಗ್ರಾಂ. ಅದಕ್ಕಿಂತ ಇಷ್ಟೊಂದು ಮೇಲೆ ಹೋಗಿದೆ ಎಂದರೆ ಅದು ಪಾಚಿಯ ಕೆಲಸ. ಮೀನಿನ ಗುತ್ತಿಗೆ ಹಿಡಿದಿದ್ದ ಹಿರಿಯರು ವರದಿ ಓದಿಸಿಕೊಂಡು, “ಸಾಮಿ, ನೀವು ಬರೋ ಹೊತ್ಗೆ ಬದುಕಿರೋವು ಬದುಕವೆ, ಸತ್ತಿರೋವು ಸತ್ತವೆ. ಒಂದಿನ ನಮ್ ಜತೆ ಮಲಗಿ ಎದ್ದು ನೋಡಿ” ಅಂದರು. ಮಾರನೇ ದಿನ ಐದೂವರೆಗೆ ಹೋದೆ. ಕಾಟ್ಲಾ ಮೀನುಗಳು ಬಾಯಿ ಮೇಲೆತ್ತಿ ಗಾಳಿ ಗುಟುಕಿಸುತ್ತಿದ್ದವು. ಆ ಬಾಟಲಿಯ ಕಥೆ ಮುಂದೆ ಹೇಳುತ್ತೇನೆ.

ಜಾಗ: ನೀರು ಒಳಬರುವ ಕಾಲುವೆ ಬಾಯಿ, ತೂಬಿನ ಹತ್ತಿರ, ಆಗುವುದಾದರೆ ತೆಪ್ಪದಲ್ಲಿ ನಡುಗೆರೆ. ದಡದಲ್ಲಿ ಕಸ ಒತ್ತರಿಸಿದ ಮೂಲೆ ಬೇಡ. ಹಾಗೆಯೇ ಫೋಟೊಕ್ಕೆ ಚೆಂದ ಎಂದು ತಿಳಿನೀರು ಹುಡುಕುವುದೂ ಬೇಡ. ಮೇಲೆ ಕಳೆ ಹಬ್ಬಿದ್ದರೆ ಪಕ್ಕಕ್ಕೆ ಸರಿಸಿ, ಕಲಕಿದ ನೀರು ನಿಲ್ಲುವ ತನಕ ಕಾಯಿರಿ. (ಈ ಕಳೆಗೂ ಅಂತರಗಂಗೆ ಅನ್ನುತ್ತಾರೆ. ಕೋಲಾರದವರಿಗೆ ಅಂತರಗಂಗೆ ಎಂದರೆ ಬೆಟ್ಟದ ಮೇಲಿನ ಬಸವನ ಬಾಯಿಂದ ಬೀಳುವ ನೀರು. ಹೊರಗಿನಿಂದ ಬಂದ ಅಧಿಕಾರಿ ‘ಅಂತರಗಂಗೆ ತೆರವುಗೊಳಿಸಿ’ ಎಂದರೆ ಇಲ್ಲಿ ಜನ ಮುಖ ಮುಖ ನೋಡಿಕೊಳ್ಳುತ್ತಾರೆ.)

ಗೊತ್ತಿಲ್ಲದ ಕೆರೆಗೆ ಒಬ್ಬರೇ ಇಳಿಯಬೇಡಿ. ನಮ್ಮ ಕೆರೆಗಳು ವರ್ಷಗಟ್ಟಲೆ ಒಣಗಿ ನಿಂತಿದ್ದವು; ಆಗ ಮಣ್ಣು ತೋಡಿದ ಗುಂಡಿಗಳು ಈಗ ನೀರಿನಡಿ ಹಾಗೇ ಇವೆ, ಜಾಲಿ ಮುಳ್ಳೂ ಹಾಗೇ ಇದೆ. ನೀರಗಂಟಿಯನ್ನೋ ಮೀನು ಹಿಡಿಯುವವರನ್ನೋ ಕೇಳಿ ಇಳಿಯಿರಿ.

ಆಮ್ಲಜನಕದ ಬಾಟಲಿ

ಎಲ್ಲರೂ ಕೆಡಿಸುವುದು ಇಲ್ಲೇ. 300 ಮಿಲಿ ಹಿಡಿಯುವ, ಉಜ್ಜಿದ ಗಾಜಿನ ಬಿರಡೆಯ ಬಿಒಡಿ ಬಾಟಲಿ ಇದಕ್ಕೆಂದೇ ಇದೆ (ಬಿಒಡಿ ಅಂದರೆ ನೀರಿನ ಕೊಳೆಯನ್ನು ಕರಗಿಸಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ). ಬಿರಡೆಯ ಕೆಳತುದಿ ಓರೆಯಾಗಿರುವುದು ಗಾಳಿ ಸಿಕ್ಕಿಕೊಳ್ಳದಿರಲಿ ಎಂದು.

ಬಾಟಲಿಯನ್ನು ಕೊಡದ ಹಾಗೆ ನೀರಿಗೆ ಅದ್ದಿದರೆ ಗುಳುಗುಳು ಸದ್ದು ಬರುತ್ತದೆ. ಆ ಸದ್ದು ಕೇಳಿತೆಂದರೆ ಮಾದರಿ ಕೆಟ್ಟಿತು, ಚೆಲ್ಲಿ. ಯಾಕೆಂದು ಲೆಕ್ಕ ಹಾಕಿ: ಲೀಟರಿಗೆ 1 ಮಿಲಿಗ್ರಾಂ ಆಮ್ಲಜನಕವಿರುವ ಸತ್ತ ಕೆರೆಯ ನೀರು 300 ಮಿಲಿ ಹಿಡಿದರೆ ಬಾಟಲಿಯಲ್ಲಿ ಒಟ್ಟು ಇರುವುದು 0.3 ಮಿಲಿಗ್ರಾಂ. ಒಂದೇ ಒಂದು ಮಿಲಿ ಗಾಳಿಯ ಗುಳ್ಳೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಆಮ್ಲಜನಕವಿರುತ್ತದೆ. ಬಿರಡೆಯಡಿ ಒಂದು ಗುಳ್ಳೆ ಬಿಟ್ಟರೆ ಸತ್ತ ಕೆರೆಯನ್ನು ಕಾಗದದ ಮೇಲೆ ಅರ್ಧ ಬದುಕಿಸಿದ ಹಾಗೆ.

ಸರಿಯಾದ ಕ್ರಮ ಇದು. ಸ್ಯಾಂಪ್ಲರ್ ಎಂಬ ಡಬ್ಬಿಯೊಳಗೆ ಬಾಟಲಿ ಕೂರುತ್ತದೆ. ಮುಚ್ಚಳದಿಂದ ಒಂದು ಕೊಳವೆ ಬಾಟಲಿಯ ತಳದವರೆಗೆ ಇಳಿದಿರುತ್ತದೆ. ಹಗ್ಗ ಕಟ್ಟಿ ಡಬ್ಬಿಯನ್ನು ಒಂದು ಅಡಿಯಷ್ಟು ಆಳಕ್ಕೆ ನಿಧಾನವಾಗಿ ಇಳಿಸಿ. ನೀರು ತಳದಿಂದ ಮೇಲೇರುತ್ತ ಬಾಟಲಿ ತುಂಬಿ ಉಕ್ಕಿ ಡಬ್ಬಿ ತುಂಬುತ್ತದೆ. ಮೊದಲು ಬಂದ ನೀರು, ಗಾಳಿ ತಾಗಿದ ನೀರು, ಹೊರಗೆ ಹೋಗಿಬಿಡುತ್ತದೆ. ಮೇಲೆ ಬರುವ ಗುಳ್ಳೆ ನಿಂತ ಮೇಲೆ ಎತ್ತಿ, ಬಿರಡೆ ಹಾಕಿ. ತೆಳು ಪ್ಲಾಸ್ಟಿಕ್ಕಿನ ಅಗ್ಗದ ಸ್ಯಾಂಪ್ಲರ್ ಕೊಳ್ಳಬೇಡಿ. ಎರಡನೇ ತಿಂಗಳಿಗೆ ಕೀಲು ಸೀಳಿ ಪಕ್ಕದಿಂದ ನೀರು ನುಗ್ಗುತ್ತದೆ. ಹಿತ್ತಾಳೆಯದು ಭಾರ, ಆದರೆ ತಾನೇ ಮುಳುಗುತ್ತದೆ; ಸುಮ್ಮನೆ ಕಲ್ಲು ಕಟ್ಟುವ ಗೋಜಿಲ್ಲ.

ಸ್ಯಾಂಪ್ಲರ್ ಇಲ್ಲದಿದ್ದರೆ? ಮಂಡಿಯುದ್ದ ನೀರಿನಲ್ಲಿ ನಿಂತು, ಕೆಸರು ಇಳಿಯುವ ತನಕ ಕಾದು, ಬಾಟಲಿಯನ್ನು ಮುಚ್ಚಿದ ಬಿರಡೆಯ ಸಮೇತ ಮುಳುಗಿಸಿ. ನೀರಿನೊಳಗೇ ಬಿರಡೆ ತೆಗೆದು, ಬಾಟಲಿಯನ್ನು ಅಡ್ಡ ಮಲಗಿಸಿ, ಬಾಯಿಯ ಮೇಲಂಚಿನಿಂದ ಗಾಳಿ ಸದ್ದಿಲ್ಲದೆ ಜಾರಿಹೋಗಲು ಬಿಡಿ. ತುಂಬಿದ ಮೇಲೆ ನೆಟ್ಟಗೆ ಮಾಡಿ ನೀರಿನೊಳಗೇ ಮುಚ್ಚಿ. ಹೊರತೆಗೆದು ತಲೆಕೆಳಗು ಮಾಡಿ ಬೆಳಕಿಗೆ ಹಿಡಿಯಿರಿ. ಸಾಸಿವೆಯಷ್ಟು ಗುಳ್ಳೆ ಕಂಡರೂ ಚೆಲ್ಲಿ ಮತ್ತೆ ಹಿಡಿಯಿರಿ. ಮೂರು ಸಲವಾದರೂ ಬೇಸರಪಡಬೇಡಿ.

ಮುಗಿಯಿತೆಂದು ಬಾಟಲಿಯನ್ನು ಪೆಟ್ಟಿಗೆಗೆ ಇಡುವವರೇ ಹೆಚ್ಚು. ಮುಗಿದಿಲ್ಲ. ಬಾಟಲಿಯೊಳಗೆ ಪಾಚಿಯಿದೆ, ಬ್ಯಾಕ್ಟೀರಿಯಾ ಇವೆ; ಜೀಪಿನಲ್ಲಿ ಕೂತೂ ಅವು ಉಸಿರಾಡುತ್ತವೆ. ಪ್ರಯೋಗಾಲಯ ಸೇರುವಷ್ಟರಲ್ಲಿ ನೀವು ಹಿಡಿದ ಆಮ್ಲಜನಕ ಅಲ್ಲಿರುವುದಿಲ್ಲ. ಆದ್ದರಿಂದ ಏರಿ ಮೇಲೆಯೇ, ಆ ಕ್ಷಣದಲ್ಲೇ ಅದನ್ನು ಕಟ್ಟಿಹಾಕಬೇಕು. ಮೊದಲು ಮ್ಯಾಂಗನಸ್ ಸಲ್ಫೇಟ್ ದ್ರಾವಣ, ಆಮೇಲೆ ಅಲ್ಕಲಿ ಅಯೊಡೈಡ್ ಅಜೈಡ್ ದ್ರಾವಣ. ನಾವು ಎರಡೆರಡು ಮಿಲಿ ಹಾಕುತ್ತಿದ್ದೆವು. ಕೆಲವು ಪ್ರಯೋಗಾಲಯ ಒಂದೊಂದೇ ಹೇಳುತ್ತವೆ, ನಿಮ್ಮವರನ್ನು ಕೇಳಿ. ಎರಡಕ್ಕೂ ಬೇರೆ ಬೇರೆ ಪಿಪೆಟ್. ತುದಿ ನೀರಿನ ಮಟ್ಟಕ್ಕಿಂತ ಕೆಳಗಿರಲಿ, ಮೇಲಿನಿಂದ ತೊಟ್ಟಿಕ್ಕಿಸಬೇಡಿ. ಪಿಪೆಟ್ಟನ್ನು ಬಾಯಿಂದ ಎಳೆಯಲೇಬೇಡಿ. ಅಜೈಡ್ ವಿಷ, ರಬ್ಬರ್ ಬಲ್ಬ್ ಬಳಸಿ. ಬಿರಡೆ ಒತ್ತಿದಾಗ ಹಾಕಿದಷ್ಟು ನೀರು ಹೊರಚೆಲ್ಲುತ್ತದೆ, ಚೆಲ್ಲಲಿ. ಹದಿನೈದು ಸಲ ತಲೆಕೆಳಗು ಮಾಡಿ ಬೆರೆಸಿ, ನಿಲ್ಲಲು ಬಿಡಿ.

ಈಗ ನೋಡಬೇಕು. ಆಮ್ಲಜನಕ ಇದ್ದರೆ ರಾಗಿ ಅಂಬಲಿಯ ಬಣ್ಣದ ಗಸಿ ಎದ್ದು ನಿಧಾನ ಕೆಳಗಿಳಿಯುತ್ತದೆ. ಇಲ್ಲದಿದ್ದರೆ ಗಸಿ ಅಕ್ಕಿ ಗಂಜಿಯಂತೆ ಬೆಳ್ಳಗೆ. ಮಾಲೂರು ಕಡೆಯ ಆ ಕೆರೆಯಲ್ಲಿ ಐದೂವರೆಗೆ ಹಿಡಿದ ಬಾಟಲಿ ಬೆಳ್ಳಗೇ ಇತ್ತು. ಟಾರ್ಚು ಹಿಡಿದು ನೋಡಿದೆ, ಬಣ್ಣ ತಿರುಗೀತೇನೋ ಎಂದು ಹತ್ತು ನಿಮಿಷ ಕಾದೆ. ತಿರುಗಲಿಲ್ಲ. ಗುತ್ತಿಗೆಯ ಹಿರಿಯರು ಪಕ್ಕದಲ್ಲಿ ಬೀಡಿ ಹಚ್ಚಿಕೊಂಡು ನಿಂತವರು ಒಂದು ಮಾತೂ ಆಡಲಿಲ್ಲ. ಹಿಂದಿನ ಮಧ್ಯಾಹ್ನ ಹನ್ನೊಂದು ತೋರಿಸಿದ್ದು ಇದೇ ನೀರು.

ಗಸಿ ಅರ್ಧ ಬಾಟಲಿಗೆ ಇಳಿದ ಮೇಲೆ ಇನ್ನೊಮ್ಮೆ ಬೆರೆಸಿ, ಮತ್ತೆ ಇಳಿಯಲು ಬಿಟ್ಟು, ಗಂಧಕಾಮ್ಲ ಎರಡು ಮಿಲಿ ಹಾಕಿ (ಕೈಗವಸು, ಕನ್ನಡಕ, ಪಕ್ಕದಲ್ಲಿ ಒಂದು ಕೊಡ ಒಳ್ಳೆಯ ನೀರು). ಗಸಿ ಕರಗಿ, ಆಮ್ಲಜನಕವಿದ್ದರೆ ನೀರು ಹಳದಿಯಾಗುತ್ತದೆ. ಇನ್ನು ಅವಸರವಿಲ್ಲ, ಬಿಸಿಲು ತಾಗಿಸದೆ ಎಂಟು ಗಂಟೆಯೊಳಗೆ ಟೈಟ್ರೇಷನ್ನಿಗೆ (ಹನಿ ಹನಿ ದ್ರಾವಣ ಸೇರಿಸಿ ಆಮ್ಲಜನಕದ ಲೆಕ್ಕ ಹಿಡಿಯುವ ಪರೀಕ್ಷೆಗೆ) ಮುಟ್ಟಿಸಿದರೆ ಸಾಕು.

ಆಮ್ಲಜನಕ ಅಳೆಯುವ ಮೀಟರಿದ್ದರೆ ಇಷ್ಟೆಲ್ಲ ಬೇಡವಲ್ಲ ಅನ್ನುತ್ತೀರಿ. ಇರಲಿ, ಒಳ್ಳೆಯದೇ. ಆದರೆ ಕಳೆದ ಸಲ ಕ್ಯಾಲಿಬ್ರೇಷನ್ (ಅಳತೆ ಸರಿಹೊಂದಿಸುವುದು) ಮಾಡಿದ್ದು ಯಾವಾಗ ಎಂದು ಕೇಳಿದಾಗ ಬಾಕ್ಸಿನ ಮೇಲಿನ ಧೂಳು ಒರೆಸುವವರನ್ನು ಬಹಳ ನೋಡಿದ್ದೇನೆ.

ಉಳಿದ ಬಾಟಲಿಗಳು

ಬಿಒಡಿಗೆ ಏನನ್ನೂ ಬೆರೆಸದೆ ತುಂಬಿ ತಣ್ಣಗಿಡಿ. ನಮ್ಮಲ್ಲಿ ಅದನ್ನು 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ಅಳೆಯುತ್ತಾರೆ. ಸಿಒಡಿಗೆ (ಕೊಳೆಯನ್ನು ರಾಸಾಯನಿಕದಿಂದ ಅಳೆಯುವ ಪರೀಕ್ಷೆಗೆ) ಗಂಧಕಾಮ್ಲ, ಲೋಹಗಳಿಗೆ ನೈಟ್ರಿಕ್ ಆಮ್ಲ, ಪಿಎಚ್ ಎರಡಕ್ಕಿಂತ ಕೆಳಗಿಳಿಯುವಷ್ಟು. ಎಣ್ಣೆ ಜಿಡ್ಡಿಗೆ ಗಾಜಿನ ಬಾಟಲಿ.

ಕೋಲಿಫಾರಂ (ನೀರಿಗೆ ಮಲ ಬೆರೆತ ಸುಳಿವು ಕೊಡುವ ಬ್ಯಾಕ್ಟೀರಿಯಾ) ಬಾಟಲಿ ಸ್ಟೆರಿಲೈಸ್ ಆಗಿ ಬಂದಿರುತ್ತದೆ, ಅದನ್ನು ಕೆರೆ ನೀರಿನಿಂದ ಗಲಬರಿಸಬೇಡಿ. ಬೇರೆ ಕೆಲವನ್ನು ಎರಡು ಮೂರು ಸಲ ಗಲಬರಿಸಿ ಅಭ್ಯಾಸವಾದ ಕೈ ಇದನ್ನೂ ಗಲಬರಿಸಿಬಿಡುತ್ತದೆ. ಸಂಸ್ಕರಿಸಿದ ನೀರು ಬರುವ ಕೆರೆಯಾದರೆ ಕ್ಲೋರಿನ್ ಉಳಿದಿರಬಹುದು. ಅದನ್ನು ಕೊಲ್ಲಲು ಬಾಟಲಿಯೊಳಗೆ ಮೊದಲೇ ಸೋಡಿಯಂ ಥಯೋಸಲ್ಫೇಟ್ ಹಾಕಿರುತ್ತಾರೆ. ಗಲಬರಿಸಿದರೆ ಅದೂ ಹೋಯಿತು. ಮೇಲೆ ಒಂದಿಂಚು ಜಾಗ ಬಿಡಿ. ಇಲ್ಲಿ ಮಾತ್ರ ಗಾಳಿ ಇರಬೇಕು.

ಉಷ್ಣತೆ, ಪಿಎಚ್ ಅಲ್ಲಿಯೇ ಅಳೆಯಿರಿ. ಪಿಎಚ್ ಏರಿದಷ್ಟೂ ಅಮೋನಿಯಾ ಮೀನಿಗೆ ಹೆಚ್ಚು ವಿಷ. ಮೀನು ಸತ್ತ ಕೆರೆಯಲ್ಲಿ ಆ ಹೊತ್ತಿನ ಪಿಎಚ್ ಬರೆದುಕೊಳ್ಳದಿದ್ದರೆ ಆಮೇಲೆ ಅಮೋನಿಯಾದ ಅಂಕಿ ಇದ್ದೂ ಇಲ್ಲದ ಹಾಗೆ.

ಚೀಟಿ, ಅರಗು, ಸಹಿ

ಕೆರೆಯ ಹೆಸರು, ಜಾಗ, ದಿನಾಂಕ, ಗಂಟೆ, ಮೋಡವೋ ಬಿಸಿಲೋ, ಹಿಡಿದವರ ಸಹಿ. ಗಂಟೆ ಬರೆಯದ ಚೀಟಿಯನ್ನು ನಾನು ವಾಪಸ್ ಕಳಿಸುತ್ತಿದ್ದೆ.

ಕೆರೆಯ ನೀರಿಗೆ ಇಷ್ಟು ಸಾಕು. ಕಾರ್ಖಾನೆಯ ಮೋರಿಯಿಂದ ಕೆರೆಗೆ ಬೀಳುತ್ತಿರುವ ನೀರನ್ನು ಹಿಡಿಯುವುದಾದರೆ ದಾರಿ ಬೇರೆ. 1974ರ ಜಲ ಕಾಯ್ದೆಯ 21ನೇ ಕಲಂ ಹೇಳುವಂತೆ ಮಾಲೀಕರಿಗೋ ಅವರ ಪ್ರತಿನಿಧಿಗೋ ಅಲ್ಲಿಯೇ ನೋಟಿಸ್ ಕೊಡಬೇಕು, ಅವರೆದುರೇ ಮಾದರಿಯನ್ನು ಎರಡು ಪಾಲು ಮಾಡಬೇಕು, ಎರಡಕ್ಕೂ ಸೀಲ್, ಎರಡರ ಮೇಲೂ ಇಬ್ಬರ ಸಹಿ. ಮಾಲೀಕರು ಬೇಕೆಂದೇ ತಪ್ಪಿಸಿಕೊಂಡರೆ ಅಧಿಕಾರಿಯೊಬ್ಬರೇ ಸೀಲ್ ಮಾಡಿ ಸಹಿ ಹಾಕಿ, ವಿಶ್ಲೇಷಕರಿಗೆ ಅದನ್ನು ಬರೆದು ತಿಳಿಸಬೇಕು. ಈ ಕ್ರಮ ತಪ್ಪಿದರೆ ಆ ಫಲಿತಾಂಶವನ್ನು ಕೋರ್ಟು ಸಾಕ್ಷ್ಯವೆಂದು ತೆಗೆದುಕೊಳ್ಳುವುದಿಲ್ಲ. ಹುಡುಗರ ಕೂಲ್‌ಡ್ರಿಂಕ್ಸ್ ಬಾಟಲಿ ಅಲ್ಲಿ ಯಾಕೆ ನಿಲ್ಲುವುದಿಲ್ಲ ಎನ್ನುವುದು ಈಗ ಗೊತ್ತಾಯಿತಲ್ಲ. ಹುಡುಗರು ಮಾಡಬಹುದಾದ ಕೆಲಸ ಬೇರೆಯಿದೆ: ಮೋರಿಯಲ್ಲಿ ಬಣ್ಣದ ನೀರು ಯಾವ ರಾತ್ರಿ, ಎಷ್ಟು ಗಂಟೆಗೆ ಬರುತ್ತದೆ ಎಂದು ಹದಿನೈದು ದಿನ ಬರೆದಿಡಲಿ. ಅಧಿಕಾರಿ ಆ ಗಂಟೆಗೇ ಬರಬಹುದು.

ಅರಗು ಹಚ್ಚುವಾಗ ಏರಿ ಮೇಲೆ ಗಾಳಿಗೆ ಮೇಣದಬತ್ತಿ ನಿಲ್ಲುವುದಿಲ್ಲ. ಜೀಪಿನ ಬಾಗಿಲು ತೆರೆದು ಮರೆ ಮಾಡಿಕೊಳ್ಳಿ.

ಪೆಟ್ಟಿಗೆಗೆ ಮೀನಂಗಡಿಯ ಪುಡಿ ಐಸ್ ಹಾಕಿದರೆ ಕರಗಿದ ನೀರು ಮುಚ್ಚಳದವರೆಗೆ ಬಂದು ಬಾಟಲಿಯೊಳಗೆ ಜಿನುಗುತ್ತದೆ. ಐಸ್ ಪ್ಯಾಕೇ ಸರಿ. ಕೋಲಿಫಾರಂ ಬಾಟಲಿ ಆರು ಗಂಟೆಯೊಳಗೆ ಮುಟ್ಟಿದರೆ ಒಳ್ಳೆಯದು, 24 ಗಂಟೆ ದಾಟಲೇಬಾರದು. ಜೀಪು ಕೈಕೊಟ್ಟರೆ ಬಸ್ಸಿಗೆ ಹತ್ತಿ. ನಾನು ಹತ್ತಿದ್ದೇನೆ. “ಏನ್ ಸಾರ್, ಮೀನಾ?” ಎಂದು ಕಂಡಕ್ಟರ್ ಕೇಳುತ್ತಾರೆ. ಲಗೇಜ್ ಚೀಟಿ ಹರಿಸಿಕೊಂಡು, ಪೆಟ್ಟಿಗೆಯನ್ನು ಬಿಸಿಲಿಲ್ಲದ ಕಡೆಯ ಸೀಟಿನಡಿ ಇಟ್ಟು, ಪ್ರಯೋಗಾಲಯದಲ್ಲಿ ಕೊಟ್ಟ ಗಂಟೆಯನ್ನು ಅವರ ಕೈಯಲ್ಲೇ ಬರೆಸಿ ಸಹಿ ಹಾಕಿಸಿಕೊಂಡು ಬನ್ನಿ.