ಗಡ್ಡೆಯ ಅಂಚಿನ ಕಂದು ಗೆರೆ

ಬೆಳಗಾವಿಯಲ್ಲಿ ಪೆಥಾಲಜಿಸ್ಟ್ ಆಗಿರುವ ನನ್ನ ಮೇಜಿಗೆ ಕೆನ್ನೆ, ಒಸಡಿನ ಬಯಾಪ್ಸಿಗಳು ಬರುತ್ತಲೇ ಇರುತ್ತವೆ. ನಮ್ಮ ಜಿಲ್ಲೆಯ ನಿಪ್ಪಾಣಿ ತಂಬಾಕಿಗೇ ಹೆಸರಾದ ಊರು. ಸುಣ್ಣ ಹಚ್ಚಿ ತಿಕ್ಕಿ ದವಡೆಗೆ ಒತ್ತಿಟ್ಟ ಜಾಗದಲ್ಲೇ ಹುಣ್ಣು ಬೆಳೆದಿರುತ್ತದೆ. ರೋಗ ಮರುಕಳಿಸಿದವರ ಬ್ಲಾಕ್ (ಮೇಣದಲ್ಲಿ ಹುದುಗಿಸಿದ ಗಡ್ಡೆಯ ತುಂಡು) ಬಂದರೆ ಆಂಕಾಲಜಿಸ್ಟರು ಕೇಳುವುದು ಪಿಡಿ-ಎಲ್1 ಸ್ಕೋರ್: ರೋಗದ ವಿರುದ್ಧ ಹೋರಾಡುವ ಟಿ ಕೋಶಗಳನ್ನು ತಡೆಯುವ ಈ ಪ್ರೋಟೀನು ಗಡ್ಡೆಯಲ್ಲಿ ಎಷ್ಟಿದೆ ಎಂಬ ಲೆಕ್ಕ. ಆ ತಡೆಯನ್ನು ತೆಗೆಯುವ ಔಷಧಿ ಪೆಂಬ್ರೊಲಿಜುಮಾಬ್ ಒಂದನ್ನೇ ಕೊಟ್ಟರೆ ಸಾಕೇ ಎಂದು ಅವರು ತೂಗುವುದು ಆ ಅಂಕಿಯಿಂದ.

ಈ ಪ್ರೋಟೀನು ಕ್ಯಾನ್ಸರ್ ತಾನಾಗಿ ತೊಟ್ಟ ಕವಚ ಎಂದೇ ನಾನು ಮೊದಲು ತಿಳಿದಿದ್ದೆ. ಎಷ್ಟೋ ಗಡ್ಡೆಗಳಲ್ಲಿ ಅದನ್ನು ತೊಡಿಸುವುದು ನಮ್ಮದೇ ರೋಗನಿರೋಧಕ ಪಡೆ. ಟಿ ಕೋಶ ಗಡ್ಡೆಯನ್ನು ಗುರುತು ಹಿಡಿದಾಗ ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶದ ಪ್ರೋಟೀನು ಸುರಿಸುತ್ತದೆ. ಅದು ಕ್ಯಾನ್ಸರ್ ಕೋಶಕ್ಕೆ ತಾಗಿದರೆ ಜ್ಯಾಕ್1, ಜ್ಯಾಕ್2, ಸ್ಟ್ಯಾಟ್1 ಎಂಬ ಪ್ರೋಟೀನುಗಳನ್ನು ದಾಟಿ ಸಂದೇಶ ಒಳಗೆ ಹೋಗಿ ನೂರಾರು ಜೀನುಗಳು ಎಚ್ಚರಾಗುತ್ತವೆ. ಕೆಲವು ನಮ್ಮ ಪರ: ಎಚ್‌ಎಲ್‌ಎ (ಕೋಶದೊಳಗಿನ ತುಣುಕುಗಳನ್ನು ಹೊರಗೆ ತೋರಿಸುವ ಪ್ರೋಟೀನು) ಹೆಚ್ಚಿ ಕೋಶದ ಗುಟ್ಟು ಇನ್ನಷ್ಟು ಬಯಲಾಗುತ್ತದೆ. ಕೆಲವು ಗಡ್ಡೆಯ ಪರ: ಐಡಿಒ ಎಂಬ ಕಿಣ್ವ ಸುತ್ತಲಿನ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವನ್ನು ಬರಿದು ಮಾಡಿ ಟಿ ಕೋಶವನ್ನು ಸೊರಗಿಸುತ್ತದೆ, ಪಿಡಿ-ಎಲ್1 ಅದರ ಕೈ ಕಟ್ಟಿಹಾಕುತ್ತದೆ. ಹಾಗಾಗಿ ಲಿಂಫೋಸೈಟುಗಳು (ಟಿ ಕೋಶಗಳೂ ಸೇರಿದ ಬಿಳಿ ರಕ್ತಕಣಗಳು) ಮುತ್ತಿದ ಅಂಚಿನಲ್ಲಷ್ಟೇ ಪಿಡಿ-ಎಲ್1 ಇರುವುದನ್ನು ತೋರಿಸುವ ಕಂದು ಗೆರೆ ಕಂಡರೆ, ಇಲ್ಲಿ ಇಂಟರ್‌ಫೆರಾನ್ ಹರಿದಿದೆ ಎಂದು ಓದಿಕೊಳ್ಳುತ್ತೇನೆ. ಔಷಧಿ ಬಿಚ್ಚಬೇಕಾದ ಗಂಟು ಅದೇ.

ಇದು ಗೊತ್ತಿದ್ದರಿಂದಲೇ ಒಂದು ದೊಡ್ಡ ತಪ್ಪು ತಪ್ಪಿತು. ಒಂದು ಬೇಸಿಗೆಯಲ್ಲಿ ಕೆಲಸ ಬೇಗ ಆಗಲೆಂದು ಬ್ಲಾಕಿನ ತೆಳು ಪದರಗಳಾದ ಸೆಕ್ಷನ್‌ಗಳನ್ನು ಮೊದಲೇ ಕತ್ತರಿಸಿಟ್ಟಿದ್ದೆ. ಪಿಡಿ-ಎಲ್1ಗೆ ಅಂಟಿ ಬಣ್ಣ ತೋರಿಸುವ ಆಂಟಿಬಾಡಿ ಬರುವುದು ತಡವಾಗಿ ಸ್ಲೈಡುಗಳು ವಾರಗಟ್ಟಲೆ ಡಬ್ಬಿಯಲ್ಲೇ ಉಳಿದವು. ಬಣ್ಣ ಹಾಕಿದ ದಿನ ಟೆಕ್ನಿಷಿಯನ್, "ಕಂಟ್ರೋಲ್ ಚೊಲೋ ಬಂದೈತ್ರಿ ಮೇಡಮ್" ಎಂದರು. ನಿಜ, ಬಣ್ಣ ಸರಿಯಾಗಿ ಹಿಡಿದಿದೆಯೇ ಎಂದು ನೋಡಲು ಕಂಟ್ರೋಲ್ ಆಗಿ ಜೊತೆಗಿಟ್ಟ, ಅಂದೇ ಕತ್ತರಿಸಿದ ಟಾನ್ಸಿಲ್‌ನ ಕ್ರಿಪ್ಟ್ (ಒಳಮಡಿಕೆ) ಗಾಢ ಕಂದಾಗಿತ್ತು. ರೋಗಿಯ ಸ್ಲೈಡ್ ಮಾತ್ರ ಬರೀ ಹಿನ್ನೆಲೆ ಬಣ್ಣವಾದ ಹೆಮಟಾಕ್ಸಿಲಿನ್ ನೀಲಿ. ಸೊನ್ನೆ ಎಂದು ಬರೆಯಲು ಪೆನ್ ಎತ್ತಿದ್ದೆ.

ಮನಸ್ಸು ಒಪ್ಪಲಿಲ್ಲ. ಅದೇ ಬ್ಲಾಕಿನ ಎಚ್ ಅಂಡ್ ಇ (ಸಾಮಾನ್ಯ ಬಣ್ಣದ) ಸ್ಲೈಡ್ ಪಕ್ಕಕ್ಕಿಟ್ಟು ನೋಡಿದೆ. ಗಡ್ಡೆಯ ದಂಡೆಗುಂಟ ಲಿಂಫೋಸೈಟುಗಳು ಜಾತ್ರೆಯ ಹಾಗೆ ನೆರೆದಿದ್ದವು. ಇಷ್ಟು ಮಂದಿ ಇರುವಲ್ಲಿ ಪಿಡಿ-ಎಲ್1 ತೋರಿಸಬಲ್ಲ ಇನ್ನೊಂದು ರಕ್ಷಣಾ ಕೋಶವಾದ ಮ್ಯಾಕ್ರೊಫೇಜ್ ಒಂದೇ ಒಂದು ಕೂಡ ಕಂದಾಗದೆ ಇರುತ್ತದೆಯೇ? ಕತ್ತರಿಸಿಟ್ಟ ಸೆಕ್ಷನ್ ಹಳತಾದಂತೆ ಈ ಆಂಟಿಜೆನ್ (ಆಂಟಿಬಾಡಿ ಹಿಡಿಯುವ ಪಿಡಿ-ಎಲ್1) ಮಂಕಾಗುತ್ತದೆ. ಹೊಸ ಕಂಟ್ರೋಲ್ ಹಳೆ ಸ್ಲೈಡಿನ ಕುಂದನ್ನು ಮುಚ್ಚಿಬಿಟ್ಟಿತ್ತು.

ಮರುದಿನ ಬ್ಲಾಕಿನಿಂದ ಹೊಸದಾಗಿ 4 ಮೈಕ್ರಾನ್ ಸೆಕ್ಷನ್ ತೆಗೆದು ಮತ್ತೆ ಮಾಡಿದೆವು. ಅಂಚಿನ ಕೋಶಗಳ ಪೊರೆಯ ಮೇಲೆ ಸೂಜಿಯಲ್ಲಿ ಗೀಚಿದಂಥ ಕಂದು ಗೆರೆ, ಒಳಕ್ಕೆ ಹೋದಂತೆ ಮಾಯ. ಕೂತು ಎಣಿಸಿದೆ. ಗಡ್ಡೆಯ ಕೋಶಕ್ಕೆ ಪೊರೆ ಬಣ್ಣ ಹಿಡಿದರಷ್ಟೇ ಲೆಕ್ಕ. ಸೈಟೊಪ್ಲಾಸಂ ಮಾತ್ರ ಕಂದಾದರೆ ಬಿಡಬೇಕು. ಬಣ್ಣ ಹಿಡಿದ ಲಿಂಫೋಸೈಟ್, ಮ್ಯಾಕ್ರೊಫೇಜ್ ಸೇರಿಸಬೇಕು, ನ್ಯೂಟ್ರೊಫಿಲ್, ಪ್ಲಾಸ್ಮಾ ಕೋಶ ಬಿಡಬೇಕು. ಒಟ್ಟನ್ನು ಜೀವಂತ ಗಡ್ಡೆಕೋಶಗಳ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ಸಿಪಿಎಸ್, ಆಂಕಾಲಜಿಸ್ಟರು ಕೇಳುವ ಆ ಸ್ಕೋರ್. ಸೊನ್ನೆ ಎಂದು ಬರೆಯಲಿದ್ದುದು 30 ಬಂತು. ಕೈ ನಡುಗಿತು.

ಈಗ ನಮ್ಮಲ್ಲಿ ಸ್ಲೈಡಿನ ಉಜ್ಜುಗಾಜಿನ ತುದಿಯಲ್ಲಿ ಕತ್ತರಿಸಿದ ತಾರೀಖನ್ನು ಪೆನ್ಸಿಲ್‌ನಿಂದ ಬರೆಯುತ್ತೇವೆ. ಕಂಟ್ರೋಲ್ ನೋಡಿದ ಮೇಲೂ ನನ್ನ ಕಣ್ಣು ಮೊದಲು ಹುಡುಕುವುದು ರೋಗಿಯ ಸ್ವಂತ ಮ್ಯಾಕ್ರೊಫೇಜುಗಳನ್ನು, ಗಡ್ಡೆಯನ್ನು ಆಮೇಲೆ.