ಎಕ್ಲಿಪ್ಸ್ ಬರೆಯುವ ಮೇಕ್‌ಫೈಲ್‌ಗೆ ನಿಮ್ಮ ಸಾಲು ಸೇರಿಸೋದು ಹೇಗೆ

ಮೊದಲಿಗೆ ಒಂದು ಮಾತು: ಸಿ, ಸಿ++ ಕೋಡ್ ಬರೆಯಲು ಬಳಸುವ ಎಕ್ಲಿಪ್ಸ್ ಸಿಡಿಟಿಯ ಡಿಬಗ್ ಫೋಲ್ಡರ್ ಒಳಗಿರುವ ಮೇಕ್‌ಫೈಲನ್ನು, ಅಂದರೆ ಪ್ರೋಗ್ರಾಂ ಹೇಗೆ ಬಿಲ್ಡ್ ಮಾಡಬೇಕು ಅಂತ ಮೇಕ್ ಎಂಬ ಟೂಲ್‌ಗೆ ಹೇಳುವ ಫೈಲನ್ನು, ಕೈಯಿಂದ ತಿದ್ದಬೇಡಿ. ನಾಳೆ ಒಂದು ಹೊಸ ಸೋರ್ಸ್ ಫೈಲ್ ಸೇರಿಸಿದಾಗಲೋ ಸೆಟ್ಟಿಂಗ್ ಬದಲಾಯಿಸಿದಾಗಲೋ ಐಡಿಇ (ಅಂದರೆ ಎಕ್ಲಿಪ್ಸೇ) ಅದನ್ನು ಹೊಸದಾಗಿ ಬರೆಯುತ್ತದೆ, ನೀವು ಹಾಕಿದ್ದೆಲ್ಲ ಹೋಗುತ್ತದೆ. ತಿದ್ದಬೇಡಿ ಅಂತ ಆ ಫೈಲಿನ ಮೇಲ್ಗಡೆಯೇ ಬರೆದಿರುತ್ತದೆ, ಯಾರೂ ಓದಲ್ಲ ಅಷ್ಟೇ.

ಲಿಂಕ್ ಆದ ಮೇಲೆ ಒಂದೇ ಒಂದು ಕಮಾಂಡ್ ಓಡಿಸಬೇಕಾ, ಉದಾಹರಣೆಗೆ ಆಬ್ಜ್‌ಕಾಪಿ ಎಂಬ ಟೂಲ್‌ನಿಂದ ಬಿನ್ (ಬರೀ ಬೈನರಿ) ಫೈಲ್ ಮಾಡೋದು? ಪ್ರಾಜೆಕ್ಟ್ ಪ್ರಾಪರ್ಟೀಸ್‌ನ ಬಿಲ್ಡ್ ಸ್ಟೆಪ್ಸ್ ಟ್ಯಾಬಲ್ಲಿ ಪೋಸ್ಟ್-ಬಿಲ್ಡ್ ಜಾಗಕ್ಕೆ ಹಾಕಿ, ಸಾಕು.

ಅದಕ್ಕಿಂತ ಜಾಸ್ತಿ ಬೇಕಿದ್ದರೆ ಸಿಡಿಟಿ ತಾನೇ ಮೂರು ಜಾಗ ಬಿಟ್ಟಿದೆ. ಪ್ರಾಜೆಕ್ಟ್ ರೂಟ್‌ನಲ್ಲಿ, ಅಂದರೆ ಡಿಬಗ್ ಫೋಲ್ಡರಿನ ಹೊರಗೆ, ಮೇಕ್‌ಫೈಲ್ ಡಾಟ್ ಇನಿಟ್ (makefile.init), ಮೇಕ್‌ಫೈಲ್ ಡಾಟ್ ಡೆಫ್ಸ್ (makefile.defs), ಮೇಕ್‌ಫೈಲ್ ಡಾಟ್ ಟಾರ್ಗೆಟ್ಸ್ (makefile.targets) ಎಂಬ ಫೈಲುಗಳನ್ನು ನೀವೇ ಮಾಡಿಕೊಳ್ಳಬಹುದು. ಇನಿಟ್ ಎಲ್ಲಕ್ಕಿಂತ ಮೊದಲು ಓದಿಸಿಕೊಳ್ಳುತ್ತದೆ, ಡೆಫ್ಸ್ ಸೋರ್ಸ್ ಮತ್ತು ಆಬ್ಜೆಕ್ಟ್ (ಕಂಪೈಲ್ ಆದ ಫೈಲ್) ಪಟ್ಟಿಗಳು ಬಂದ ಮೇಲೆ, ಟಾರ್ಗೆಟ್ಸ್ ಕಟ್ಟಕಡೆಗೆ. ಹೆಸರೆಲ್ಲ ಸ್ಮಾಲ್ ಲೆಟರ್. ಇವನ್ನು ಕರೆಯುವ ಇನ್‌ಕ್ಲೂಡ್ ಸಾಲಿನ ಮುಂದೆ ಒಂದು ಮೈನಸ್ ಇರುವುದರಿಂದ ಫೈಲ್ ಸಿಗದಿದ್ದರೂ ಎರರ್ ಬರಲ್ಲ. ಹೆಸರಲ್ಲಿ ಒಂದಕ್ಷರ ತಪ್ಪಿದರೆ ಮೇಕ್ ಸುಮ್ನೆ ಮುಂದೆ ಹೋಗುತ್ತದೆ, ನೀವು ತಲೆ ಕೆರೆದುಕೊಳ್ಳುತ್ತಾ ಕೂರಬೇಕು. ಅನುಮಾನ ಬಂದರೆ ಆ ಫೈಲಲ್ಲಿ ಒಂದು ಇನ್ಫೋ ಸಾಲು (ಓದಿದಾಗ ಸಂದೇಶ ತೋರಿಸುವಂಥದ್ದು) ಹಾಕಿ ನೋಡಿ.

ಯಾವುದು ಎಲ್ಲಿ ಅನ್ನೋದೇ ಮುಖ್ಯ. ಲಿಬ್ಸ್ ವೇರಿಯಬಲ್‌ಗೆ ಒಂದು ಲೈಬ್ರರಿ ಸೇರಿಸಬೇಕು ಅನ್ನಿ. ಇನಿಟ್‌ನಲ್ಲಿ ಹಾಕಿದರೆ ಆಮೇಲೆ ಬರುವ ಆಬ್ಜೆಕ್ಟ್ಸ್ ಡಾಟ್ ಎಂಕೆ (ಸಿಡಿಟಿಯೇ ಬರೆಯುವ ಇನ್ನೊಂದು ಫೈಲ್) ಅದನ್ನು ಹೊಸದಾಗಿ ಅಸೈನ್ ಮಾಡಿ ನಿಮ್ಮದನ್ನು ಅಳಿಸಿಬಿಡುತ್ತದೆ, ಹಾಗಾಗಿ ಅದರ ಜಾಗ ಡೆಫ್ಸ್. ಫೈಲ್ ಅಳಿಸುವ ಕಮಾಂಡ್ ಇರುವ ಆರ್‌ಎಂ ವೇರಿಯಬಲ್ ಬದಲಾಯಿಸೋದಕ್ಕೂ ಅದೇ. ಕಂಪೈಲರ್ ಫ್ಲಾಗುಗಳ ವೇರಿಯಬಲ್ ಆದ ಸಿಫ್ಲಾಗ್ಸ್ ಮಾತ್ರ ಎಲ್ಲಿ ಬರೆದರೂ ಪ್ರಯೋಜನವಿಲ್ಲ. ಸಿಡಿಟಿ ಬರೆಯುವ ಸಬ್‌ಡಿರ್ ಡಾಟ್ ಎಂಕೆ ಒಳಗೆ ಜಿಸಿಸಿ ಕಂಪೈಲರಿನ ಫ್ಲಾಗುಗಳು ನೇರವಾಗಿ ಅಚ್ಚಾಗಿರುತ್ತವೆ, ಸಿಫ್ಲಾಗ್ಸ್ ಕಡೆ ಅದು ತಿರುಗಿಯೂ ನೋಡಲ್ಲ. ಕಂಪೈಲರ್ ಫ್ಲಾಗ್ ಬೇಕಿದ್ದರೆ ಪ್ರಾಪರ್ಟೀಸ್‌ಗೇ ಹೋಗಬೇಕು.

ಹೊಸ ರೂಲ್‌ಗಳನ್ನು (ಒಂದು ಟಾರ್ಗೆಟ್, ಅಂದರೆ ಮಾಡಬೇಕಾದ ಫೈಲ್ ಅಥವಾ ಕೆಲಸ, ಯಾವ ಕಮಾಂಡಿನಿಂದ ಆಗುತ್ತದೆ ಅಂತ ಹೇಳುವ ಸಾಲುಗಳು) ಟಾರ್ಗೆಟ್ಸ್ ಫೈಲಲ್ಲಿ ಬರೆಯಿರಿ. ಇನಿಟ್‌ನಲ್ಲಿ ರೂಲ್ ಬರೆದರೆ ಅದೇ ಮೊದಲ ಟಾರ್ಗೆಟ್ ಆಗುತ್ತದೆ. ಐಡಿಇ ‘ಮೇಕ್ ಆಲ್’ ಅಂತಲೇ ಕರೆಯುವುದರಿಂದ ಅಲ್ಲಿ ಗೊತ್ತಾಗಲ್ಲ, ಟರ್ಮಿನಲ್‌ನಲ್ಲಿ ಬರೀ ಮೇಕ್ ಹೊಡೆದವರಿಗೆ ಮಾತ್ರ ಬೇರೇನೋ ಓಡುತ್ತದೆ.

ಗಿಟ್‌ನಿಂದ ವರ್ಷನ್ ತೆಗೆದು ಹೆಡರ್ ಫೈಲ್ ಮಾಡೋದು ತುಂಬ ಜನಕ್ಕೆ ಬೇಕಾಗುತ್ತದೆ, ಅಲ್ವಾ? ಟಾರ್ಗೆಟ್ಸ್ ಫೈಲಲ್ಲಿ ಆ ಹೆಡರ್‌ಗೆ ಒಂದು ರೂಲ್ ಬರೆದು, ಅದನ್ನು ಆಬ್ಜ್ಸ್ ಪಟ್ಟಿಯ (ಎಲ್ಲ ಆಬ್ಜೆಕ್ಟ್ ಫೈಲುಗಳ ವೇರಿಯಬಲ್) ಪ್ರಿರಿಕ್ವಿಸಿಟ್, ಅಂದರೆ ಮೊದಲು ಆಗಬೇಕಾದದ್ದು, ಮಾಡಿ. ಆ ಹೊತ್ತಿಗೆ ಆಬ್ಜ್ಸ್ ತುಂಬಿರುತ್ತದೆ. ಹೆಡರನ್ನು ಪ್ರತಿ ಸಲ ಹೊಸದಾಗಿ ಬರೆಯಬೇಡಿ, ವರ್ಷನ್ ನಿಜವಾಗಿ ಬದಲಾಗಿದ್ದರೆ ಮಾತ್ರ ಬರೆಯಿರಿ. ಇಲ್ಲದಿದ್ದರೆ ಪ್ರತಿ ಬಿಲ್ಡ್‌ಗೂ ಎಲ್ಲ ಫೈಲ್ ಮತ್ತೆ ಕಂಪೈಲ್ ಆಗುತ್ತವೆ.

ದಾರಿಗಳನ್ನು ಬರೆಯುವಾಗ ಹುಷಾರು. ಮೇಕ್ ಓಡೋದು ಡಿಬಗ್ ಫೋಲ್ಡರ್ ಒಳಗಿಂದ, ಆದ್ದರಿಂದ ಸೋರ್ಸ್ ಫೋಲ್ಡರ್‌ಗೆ ಹೋಗಲು ಮುಂದೆ ಎರಡು ಚುಕ್ಕೆ, ಸ್ಲಾಶ್ ಬೇಕು. ಕಮಾಂಡಿನ ಮುಂದೆ ಟ್ಯಾಬ್ ಕೂಡ ಬೇಕೇ ಬೇಕು, ಎಡಿಟರ್ ಅದನ್ನು ಸ್ಪೇಸ್ ಮಾಡಿಬಿಟ್ಟರೆ ‘ಮಿಸ್ಸಿಂಗ್ ಸೆಪರೇಟರ್’ ಅಂತ ಬೈಯುತ್ತದೆ.

ಈ ಫೈಲುಗಳನ್ನು ಗಿಟ್‌ಗೆ ಸೇರಿಸಿ. ಡಿಬಗ್ ಫೋಲ್ಡರ್ ಮಾತ್ರ ಇಗ್ನೋರ್ ಪಟ್ಟಿಯಲ್ಲಿರಲಿ.