ಹಳೇ ಲಿನಕ್ಸ್ ಡಿಸ್ಕನ್ನು ಹಾಗೇ ವರ್ಚುವಲ್ ಮಷೀನ್‌ನಲ್ಲಿ ಓಡಿಸುವುದು

ಲ್ಯಾಪ್‌ಟಾಪಿನ ಬೋರ್ಡ್ ಹೋಗಿದೆ, ಒಳಗಿನ ಎಸ್‌ಎಸ್‌ಡಿ ಮಾತ್ರ ಚೆನ್ನಾಗಿದೆ. ಅದರಲ್ಲಿದ್ದ ಉಬುಂಟು ಇದ್ದ ಹಾಗೇ ಬೇಕು, ಅಲ್ವಾ? ಮತ್ತೆ ಇನ್‌ಸ್ಟಾಲ್ ಮಾಡುವ ಗೋಜು ಬೇಡ. ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿ, ಇನ್ನೊಂದು ಲಿನಕ್ಸ್ ಕಂಪ್ಯೂಟರಿಗೆ ಚುಚ್ಚಿ, ಕೆವಿಎಂ (ವರ್ಚುವಲ್ ಮಷೀನ್, ಅಂದರೆ ಸಾಫ್ಟ್‌ವೇರಿನ ಕಂಪ್ಯೂಟರ್, ಓಡಿಸುವ ಲಿನಕ್ಸ್ ಸೌಲಭ್ಯ) ಮತ್ತು ವರ್ಟ್-ಮ್ಯಾನೇಜರ್ (ಅದನ್ನು ನಡೆಸುವ ಪ್ರೋಗ್ರಾಂ) ಬಳಸಿ ಬೂಟ್ ಮಾಡಬಹುದು.

ಚುಚ್ಚಿದ ಕೂಡಲೇ ಹೋಸ್ಟ್, ಅಂದರೆ ಆ ಇನ್ನೊಂದು ಕಂಪ್ಯೂಟರ್, ಅದನ್ನು ತಾನೇ ಮೌಂಟ್ ಮಾಡಿಕೊಂಡಿರಬಹುದು (ಫೈಲುಗಳನ್ನು ಬಳಕೆಗೆ ತೆರೆದಿರಬಹುದು). ಮೊದಲು ಅನ್‌ಮೌಂಟ್ ಮಾಡಿ, ಆಮೇಲೆ ಉಳಿದ ಕೆಲಸ. ಉಬುಂಟು ಡಿಸ್ಕಿನಲ್ಲಿ ಸಾಮಾನ್ಯವಾಗಿರುವ ಎಕ್ಸ್‌ಟಿ4 ಫೈಲ್‌ಸಿಸ್ಟಮ್ ತನ್ನನ್ನು ಒಂದೇ ಕರ್ನಲ್ ಬಳಸುತ್ತಿದೆ ಅಂತಲೇ ನಂಬಿರುತ್ತದೆ. ಹೋಸ್ಟ್, ವಿಎಂ (ವರ್ಚುವಲ್ ಮಷೀನ್) ಎರಡೂ ತಂತಮ್ಮ ಕ್ಯಾಶ್ ಇಟ್ಟುಕೊಂಡು ಅದರ ಮೇಲೆ ಬರೆಯುತ್ತಾ ಹೋದರೆ ಫೈಲ್‌ಸಿಸ್ಟಮ್ ಹಾಳಾಗುತ್ತದೆ, ರಿಪೇರಿ ಮಾಡಿದರೂ ಎಲ್ಲ ವಾಪಸ್ ಬರುವ ಖಾತ್ರಿ ಇಲ್ಲ. ಸುಮ್ನೆ ರೀಡ್-ಓನ್ಲಿ ಮೌಂಟ್ ಮಾಡಿದ್ದೇನಲ್ಲ ಅಂದರೂ ಆಗದು, ಬಾಕಿ ಜರ್ನಲ್ (ಬದಲಾವಣೆಗಳನ್ನು ಮೊದಲು ಬರೆದಿಡುವ ದಾಖಲೆ) ಇದ್ದರೆ ಆಗಲೂ ಡಿಸ್ಕಿಗೆ ಬರೆಯುತ್ತದೆ.

ಹಾಗಾಗಿ ಡಿಸ್ಕನ್ನು ನೇರವಾಗಿ ಕೊಡಬೇಡಿ, ಅದರ ಮೇಲೆ ಒಂದು ಕ್ಯೂಕೌ2 ಪದರ, ಅಂದರೆ ಬದಲಾವಣೆಗಳನ್ನು ಮಾತ್ರ ಹಿಡಿದಿಡುವ ಇಮೇಜ್ ಫೈಲ್, ಹಾಕಿ. ಕ್ಯೂಎಮು-ಇಮೇಜ್ ಕ್ರಿಯೇಟ್ ಕಮಾಂಡಿಗೆ ಬ್ಯಾಕಿಂಗ್ ಫೈಲ್ (ಪದರದ ಕೆಳಗಿರುವುದು) ಅಂತ ಡಿಸ್ಕಿನ ಹೆಸರನ್ನೂ, ಅದರ ಫಾರ್ಮ್ಯಾಟ್ ರಾ (raw) ಅಂತಲೂ ಕೊಟ್ಟರೆ ಸಾಕು. ವಿಎಂ ಬರೆದದ್ದೆಲ್ಲ ಪದರದ ಫೈಲಿಗೆ ಹೋಗುತ್ತದೆ, ಡಿಸ್ಕ್ ಇದ್ದ ಹಾಗೇ ಇರುತ್ತದೆ. ಕೆಟ್ಟರೆ ಪದರದ ಫೈಲ್ ಅಳಿಸಿ ಮತ್ತೆ ಮಾಡಿ. ಡಿಸ್ಕಿಗೆ ಲಿನಕ್ಸ್ ಕೊಡುವ ಎಸ್‌ಡಿಬಿ ಥರದ ಹೆಸರು ಮುಂದಿನ ಬೂಟ್‌ನಲ್ಲಿ ಬದಲಾಗಬಹುದು, ಬೈ-ಐಡಿ (/dev/disk/by-id) ಫೋಲ್ಡರಿನಲ್ಲಿ ಮಾಡೆಲ್, ಸೀರಿಯಲ್ ನಂಬರ್ ಸೇರಿದ ಉದ್ದ ಹೆಸರಿರುತ್ತದೆ, ಅದನ್ನೇ ಕೊಡಿ.

ವರ್ಟ್-ಮ್ಯಾನೇಜರ್‌ನಲ್ಲಿ ಈಗಾಗಲೇ ಇರುವ ಇಮೇಜ್ ಇಂಪೋರ್ಟ್ ಮಾಡುವ ಆಯ್ಕೆ ಇದೆ, ಅದಕ್ಕೆ ಪದರದ ಫೈಲ್ ಕೊಡಿ. ಕೊನೆಯ ಪುಟದಲ್ಲಿ ಇನ್‌ಸ್ಟಾಲ್‌ಗೆ ಮುಂಚೆ ಕಸ್ಟಮೈಸ್ ಮಾಡುವ ಚೌಕಕ್ಕೆ ಟಿಕ್ ಹಾಕಲೇಬೇಕು. ಡಿಸ್ಕಿನಲ್ಲಿ ಇಎಫ್‌ಐ ಪಾರ್ಟಿಷನ್ ಇದ್ದು ಅದರಿಂದಲೇ ಬೂಟ್ ಆಗುತ್ತಿದ್ದರೆ ಅಲ್ಲೇ ಫರ್ಮ್‌ವೇರ್ (ಬೂಟ್ ಶುರು ಮಾಡುವ ಸಾಫ್ಟ್‌ವೇರ್) ಯುಇಎಫ್‌ಐ ಅಂತ ಆರಿಸಿ, ಆಮೇಲೆ ಬದಲಾಯಿಸುವುದು ಕಷ್ಟ. ಡಿಸ್ಕ್ ಬಸ್ (ವಿಎಂಗೆ ಡಿಸ್ಕ್ ಜೋಡಿಸುವ ಬಗೆ) ಮೊದಲಿಗೆ ಸಾಟಾ ಇರಲಿ. ವಿಎಂಗೆಂದೇ ಮಾಡಿದ ವರ್ಟಿಯೋ ಬಸ್ ಜಾಸ್ತಿ ವೇಗ, ನಿಜ, ಆದರೆ ಫೆಡೋರಾದಂಥ ಲಿನಕ್ಸ್‌ಗಳು ಆ ಯಂತ್ರಕ್ಕೆ ಬೇಕಾದ ಡ್ರೈವರ್ ಮಾತ್ರ ಇನಿಟ್‌ರಾಮ್‌ಎಫ್‌ಎಸ್‌ಗೆ (ಬೂಟ್ ಶುರುವಿನಲ್ಲಿ ಲೋಡ್ ಆಗುವ ಚಿಕ್ಕ ಫೈಲ್‌ಸಿಸ್ಟಮ್) ಹಾಕಿರುತ್ತವೆ, ರೂಟ್ (ಮುಖ್ಯ ಫೈಲ್‌ಸಿಸ್ಟಮ್) ಸಿಗದೆ ಎಮರ್ಜೆನ್ಸಿ ಶೆಲ್ಲಿಗೆ ಬಂದು ನಿಲ್ಲಬಹುದು. ಆಗ ಗ್ರಬ್‌ನಲ್ಲಿ, ಅಂದರೆ ಬೂಟ್ ಮೆನುವಿನಲ್ಲಿ, ರೆಸ್ಕ್ಯೂ ಎಂಟ್ರಿ ಆರಿಸಿ ನೋಡಿ.

ಬೂಟ್ ಆಗಿಯೂ ನೆಟ್ ಬರದಿದ್ದರೆ ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗಿರಬಹುದು, ನೆಟ್‌ಪ್ಲಾನ್ (ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್) ಫೈಲಿನಲ್ಲಿ ಹಳೇ ಹೆಸರು ಇದ್ದರೆ ತಿದ್ದಿ. ಎಲ್ಲ ಸರಿ ಅನಿಸಿದಾಗ ವಿಎಂ ನಿಲ್ಲಿಸಿ ಕ್ಯೂಎಮು-ಇಮೇಜ್ ಕಮಿಟ್ ಕಮಾಂಡ್ ಕೊಟ್ಟರೆ ಪದರದಲ್ಲಿದ್ದದ್ದು ಡಿಸ್ಕಿಗೆ ಇಳಿಯುತ್ತದೆ. ಅಲ್ಲಿಯವರೆಗೆ ಡಿಸ್ಕನ್ನು ಬೇರೆಲ್ಲೂ ಮೌಂಟ್ ಮಾಡಬೇಡಿ, ಕೆಳಗಿನದು ಬದಲಾದರೆ ಪದರ ಕೆಲಸಕ್ಕೆ ಬಾರದು.